ಒಂದೇ ಹೆಸರಿನ ಇಬ್ಬರು ಚಿಕ್ಕಬಳ್ಳಾಪುರಕ್ಕೆ ಹೋದದ್ದು

ಹುಳು ನಾಲ್ಕನೇ ಜ್ವರಕ್ಕೆ ಕೂತ ದಿನ ಜಂಗಮಕೋಟೆ ಬಿಟ್ಟೆವು. ಪೊರೆ ಬಿಡಲು ಹೀಗೆ ಜ್ವರಕ್ಕೆ ಕೂತ ರೇಷ್ಮೆಹುಳು ಸೊಪ್ಪು ಮುಟ್ಟುವುದಿಲ್ಲ. ನಮ್ಮ ಮನೆ ಹೆಂಗಸರಿಗೆ ಬಿಡುವು ಸಿಗುವುದು ಆಗಲೇ. ಹುಳು ಎದ್ದ ಮೇಲೆ ನಾನು ನೋಡಿಕೊಳ್ಳುತ್ತೇನೆ ಎಂದು ಮಗ ಹೇಳಿದ. ಹೊರಟವರು ನಾನು ಮತ್ತು ಸೊಸೆ ಸರೋಜ.

ಸರೋಜ ನನ್ನ ತಮ್ಮನ ಮಗಳೇ. ತಮ್ಮ ರಂಗೂನಿನಲ್ಲಿ ಗುಮಾಸ್ತನಾಗಿದ್ದ. ಅವಳು ಅಲ್ಲೇ ಹುಟ್ಟಿ, ಅಲ್ಲಿಯ ದೊಡ್ಡಾಸ್ಪತ್ರೆಯಲ್ಲಿ ಕಲಿತು ನರ್ಸಾದಳು. ಆಮೇಲೆ ನಮ್ಮವರೆಲ್ಲ ಬರ್ಮಾ ಬಿಟ್ಟು ಬರುವ ಹಾಗಾಯಿತು. ಹಡಗು ಇಳಿದಾಗ ಅವಳ ಹತ್ತಿರ ಇದ್ದದ್ದು ಒಂದು ಟ್ರಂಕು, ಅದರೊಳಗೆ ಇಂಗ್ಲಿಷಿನ ಸರ್ಟಿಫಿಕೇಟು. ಇಲ್ಲಿ ಒಂದು ಆಸ್ಪತ್ರೆಯವರು ತಾತ್ಕಾಲಿಕ ಎಂದು ಸೇರಿಸಿಕೊಂಡರು. ಈಗ, ಈ ದೇಶದಲ್ಲಿ ಹೆಸರು ನೋಂದಾಯಿಸದಿದ್ದರೆ ರೋಗಿಯನ್ನು ಮುಟ್ಟಬೇಡ ಎಂದುಬಿಟ್ಟರು. ಹೊರದೇಶದಲ್ಲಿ ಕಲಿತವರನ್ನು ಪರೀಕ್ಷೆ ಮಾಡಲು ದೊಡ್ಡ ಡಾಕ್ಟರು ಚಿಕ್ಕಬಳ್ಳಾಪುರಕ್ಕೆ ಬರುತ್ತಾರಂತೆ, ಇದೇ ಕಡೆಯ ಸಲವಂತೆ. ಅದಕ್ಕೇ ಹೊರಟದ್ದು.

ಶಿಡ್ಲಘಟ್ಟದವರೆಗೆ ಬಸ್ಸು, ಅಲ್ಲಿಂದ ಸಣ್ಣ ರೈಲು. ಬಸ್ಸಿಗಿಂತ ರೈಲು ಅಗ್ಗ, ಆದರೆ ಎತ್ತಿನ ಗಾಡಿಯ ಹಾಗೆ ತೆವಳುತ್ತದೆ. ಮಂಜಿನಲ್ಲಿ ನಂದಿಬೆಟ್ಟ ಕಾಣಲೇ ಇಲ್ಲ. ಸರೋಜ ಕಿಟಕಿಗೆ ತಲೆಯಾನಿಸಿ, ಓದಿದ್ದನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು.

ಚಿಕ್ಕಬಳ್ಳಾಪುರದ ಹೋಟೆಲಿನಲ್ಲಿ ಅವರೆಕಾಳಿನ ಉಪ್ಪಿಟ್ಟು ತಿಂದು ಕಚೇರಿಗೆ ಹೋದೆವು. ಗುಮಾಸ್ತ ಸರ್ಟಿಫಿಕೇಟನ್ನೂ ಅರ್ಜಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದ.

"ಇದ್ರಲ್ಲಿ ವೆಂಕಟಲಕ್ಷ್ಮಿ, ಅದ್ರಲ್ಲಿ ಸರೋಜ. ಯಾರಮ್ಮ ಇವ್ರಿಬ್ರು?"

"ಇಬ್ರೂ ಇವ್ಳೇ ಕಣಪ್ಪ. ನನ್ ಹೆಸ್ರು ವೆಂಕಟಲಕ್ಷ್ಮಮ್ಮ. ನನ್ ತಮ್ಮ ಅಕ್ಕನ ಮೇಲಿನ ಆಸೆಗೆ ಮಗ್ಳಿಗೆ ನನ್ ಹೆಸ್ರೇ ಇಟ್ಟ. ಅವ್ಳು ನನ್ಗೇ ಸೊಸೆಯಾಗಿ ಬಂದ್ಳು. ನನ್ ಮಗ ಹೆಂಡ್ತೀನ ಹೆತ್ತ ತಾಯಿ ಹೆಸರಿಡ್ದು ಕೂಗಕ್ಕಾಗ್ತದಾ? ಅದಕ್ಕೇ ಧಾರೆ ದಿನ ಸರೋಜ ಅಂತ ಮಾಡಿದ್ವಿ."

"ರಂಗೂನಿನೋರಿಗೆ ಅದನ್ನ ಹೇಳಿ ಕಳ್ಸಿದ್ರಾ?" ಎಂದು ನಕ್ಕ. "ನಾಳಿದ್ದು ಡಾಕ್ಟ್ರು ಬರ್ತಾರೆ. ಇವ್ರನ್ನ ಅಲ್ಲಿ ನೋಡಿದೋರು ಯಾರಾದ್ರೂ ಇದ್ರೆ ಕರ್ಕೊಂಬನ್ನಿ."

ಅಂಥವರು ಒಬ್ಬರಿದ್ದರು. ರಂಗೂನಿನ ಅದೇ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ನಾರಾಯಣಪ್ಪ. ಈಗ ಗೌರಿಬಿದನೂರಿನಲ್ಲಿ ಅಳಿಯನ ಕಡಲೆಕಾಯಿ ಮಂಡಿಯಲ್ಲಿ ಕೂತಿರುತ್ತಾರೆ. ಮರುದಿನ ಮಂಚೇನಹಳ್ಳಿ ಮೇಲೆ ಹೋಗುವ ಬಸ್ಸು ಹತ್ತಿದೆವು. ದಾರಿಯುದ್ದ ಧೂಳು. ಮಂಡಿಯ ಮುಂದೆ ಇಳಿದಾಗ ಇಬ್ಬರ ತಲೆಯೂ ಕೆಂಪಗಾಗಿತ್ತು.

"ಏಮ್ಮಾ ವೆಂಕಟಲಕ್ಷ್ಮೀ, ಬಾಗುನ್ನಾವಾ?" ಎಂದು ಆ ಮುದುಕ ತೆಲುಗಿನಲ್ಲಿ ಕೂಗಿ ಕ್ಷೇಮ ಕೇಳಿದರು. ಸರೋಜ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಅತ್ತೆಯ ಹೆಸರಿಗೆ ಅತ್ತೆಯ ಎದುರೇ ಓಗೊಡುವುದು ಹೇಗೆ?

"ವಾರ್ಡಲ್ಲಿ ಡಾಕ್ಟರಿಗೇ ಜೋರು ಮಾಡ್ತಿದ್ದೋಳು ನೀನು. ಅತ್ತೆ ನಾಲ್ಗೆ ಕಿತ್ತಿಟ್ಕೊಂಡ್ರೇನಮ್ಮ?"

"ನಾನ್ಯಾಕೆ ಕೀಳ್ಲಿ, ನಂದೇ ಬೇಕಾದಷ್ಟುದ್ದ ಇದೆ" ಎಂದೆ. ಸಾಕ್ಷಿ ಹೇಳಲು ಅವರು ಒಪ್ಪಿ ನಮ್ಮ ಜೊತೆಗೇ ಹೊರಟರು. ಆ ಹೊತ್ತಿಗೆ ಕೆಲಸವಾಯಿತು ಎಂದೇ ನಾನು ತಿಳಿದಿದ್ದೆ.

ಮೂರನೇ ದಿನ ಬೆಳಿಗ್ಗೆ ಕಚೇರಿಯ ಜಗುಲಿಯಲ್ಲಿ ಸಾಲಾಗಿ ಕೂತೆವು. ಜವಾನ ಬಾಗಿಲಿಗೆ ಬಂದು, "ವೆಂಕಟಲಕ್ಷ್ಮಮ್ಮ ಯಾರ್ರೀ?" ಎಂದು ಕೂಗಿದ.

"ಇಲ್ಲೇ ಇದ್ದೀನಪ್ಪ" ಎಂದು ನಾನು ಎದ್ದೆ. ಹುಟ್ಟಿದಾಗಿನಿಂದ ಆ ಹೆಸರಿಗೆ ಎದ್ದವಳು, ಎದ್ದೆ. ಸರೋಜ ಕೂತೇ ಇದ್ದಳು.

ಡಾಕ್ಟರು ಒಳಗಿನಿಂದ ಎಲ್ಲ ನೋಡಿದರು. ಒಳಗೆ ಕರೆಸಿ ಅವಳಿಗೆ, "ನಿನ್ನ ಹೆಸರು ಹೇಳಮ್ಮ" ಎಂದರು. ಅವಳು ನನ್ನ ಕಡೆ ನೋಡಿದಳು.

"ಹೇಳೇ, ನನ್ ಮುಖ ಏನ್ ನೋಡ್ತೀಯ?" ಎಂದು ಗದರಿದೆ.

"ಸರೋಜ" ಎಂದಳು. ಆಮೇಲೆ ಕೇಳಿಯೂ ಕೇಳದ ಹಾಗೆ ಇನ್ನೊಂದನ್ನು ಹೇಳಿದಳು.

ನಾರಾಯಣಪ್ಪ ಮುಂದೆ ಬಂದು, ಇವಳು ನಮ್ಮ ಆಸ್ಪತ್ರೆಯಲ್ಲೇ ಕಲಿತವಳು ಎಂದು ಕೈಮುಗಿದರು. ಡಾಕ್ಟರು ಗದರಲಿಲ್ಲ, ಅದೇ ಇನ್ನೂ ಕಷ್ಟವಾಯಿತು. "ಅಲ್ಲಿಂದ ಬಂದೋರು ಒಬ್ಬರಿಗೊಬ್ಬರು ಸಾಕ್ಷಿ ಹೇಳ್ತೀರಿ ಯಜಮಾನ್ರೇ. ಹೆಸರು ಕೂಗಿದ್ರೆ ಈಯಮ್ಮ ಏಳ್ಲಿಲ್ಲ. ಆ ಆಸ್ಪತ್ರೆಗೆ ಬರೆದು ಉತ್ತರ ತರಿಸಿ."

"ಬರ್ದಿದ್ದೀನಿ ಸಾರ್. ಅಲ್ಲಿ ನನ್ನ ಬಲ್ಲೋರು ಯಾರೂ ಉಳ್ದಿಲ್ಲ" ಎಂದಳು ಸರೋಜ.

ಅವರು ಅರ್ಜಿಯನ್ನು ಪಕ್ಕಕ್ಕಿಟ್ಟರು. ಹೆರಿಗೆಯ ಬಗ್ಗೆಯಾಗಲಿ, ಗಾಯದ ಬಗ್ಗೆಯಾಗಲಿ, ಒಂದು ಪ್ರಶ್ನೆಯೂ ಇಲ್ಲ. ಅವಳು ತುಟಿಯಲ್ಲಿ ಹೇಳಿಕೊಂಡು ಬಂದದ್ದೆಲ್ಲ ತುಟಿಯಲ್ಲೇ ಉಳಿಯಿತು. ನಾರಾಯಣಪ್ಪ ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡು ತಮ್ಮ ಬಸ್ಸಿಗೆ ಹೋದರು.

ವಾಪಸು ರೈಲಿನಲ್ಲಿ ಶಿಡ್ಲಘಟ್ಟ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಎಲ್ಲರೂ ಇಳಿಯುತ್ತಿದ್ದಾರೆಂದು ನಾವೂ ಇಳಿದರೆ ಅದು ಚಿಂತಾಮಣಿ. ಬಸ್ ನಿಲ್ದಾಣಕ್ಕೆ ನಡೆದು ಕಲ್ಲುಬೆಂಚಿನ ಮೇಲೆ ಕೂತೆವು. ನಾನು ಕಡಲೆಪುರಿ ಕೊಂಡೆ. ಅವಳು ಮುಟ್ಟಲಿಲ್ಲ.

ಬಸ್ಸು ಬಂತು. ಜನ ನುಗ್ಗಿದರು. ಅವಳು ಅಲ್ಲಾಡಲಿಲ್ಲ.

"ಏಳೇ ಸರೋಜ" ಎಂದೆ. ಏಳಲಿಲ್ಲ. "ಏಳೇ ವೆಂಕಟಲಕ್ಷ್ಮಿ" ಎಂದೆ. ಮದುವೆಯಾದ ಮೇಲೆ ಅದೇ ಮೊದಲು ಹಾಗೆ ಕರೆದದ್ದು.

"ಬೇಡ ಅತ್ತೆ, ಅದು ನಿಮ್ ಹೆಸ್ರು" ಎಂದಳು. ಸರ್ಟಿಫಿಕೇಟನ್ನು ನನ್ನ ಚೀಲದೊಳಗೆ, ಕಡಲೆಪುರಿಯ ಪಕ್ಕಕ್ಕೆ ತುರುಕಿದಳು. "ಇದೂ ನಿಮ್ದೇ, ಇಟ್ಕೊಳ್ಳಿ." ಆಮೇಲೆ ಎದ್ದು ಬಸ್ಸು ಹತ್ತಿದಳು.

ಊರು ಸೇರಿದಾಗ ಹುಳು ಎದ್ದು ಸೊಪ್ಪಿಗೆ ಬಾಯಿ ಬಿಡುತ್ತಿತ್ತು. ಅವಳು ಕಾಲು ತೊಳೆದು, ಕುಡುಗೋಲು ತೆಗೆದುಕೊಂಡು ತೋಟಕ್ಕೆ ಹೋದಳು. ಆಸ್ಪತ್ರೆಯ ಮಾತನ್ನು ಮತ್ತೆ ಎತ್ತಲಿಲ್ಲ. ಸರ್ಟಿಫಿಕೇಟು ನನ್ನ ಪೆಟ್ಟಿಗೆಯಲ್ಲೇ ಇದೆ. ಅದರಲ್ಲಿ ನನ್ನ ಹೆಸರು ಯಾವ ಸಾಲಿನಲ್ಲಿದೆ ಎಂದು ನನಗೆ ಓದಲು ಬರುವುದಿಲ್ಲ. ತೋರಿಸೆಂದು ಅವಳನ್ನು ಕೇಳಲೂ ಆಗಿಲ್ಲ.