ಪಾಳಿ ಹಾಕುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಕೆಳಮಹಡಿಯ ಪುಟ್ಟ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತ ಹೆಂಗಸು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಹೇಳುತ್ತಾರೆ: "ಜ್ವರ ಅಂದ್ರೆ ಮಲಗಮ್ಮ. ನಿನ್ನ ಜಾಗಕ್ಕೆ ಯಾರನ್ನಾದ್ರೂ ಹುಡುಕ್ತೀನಿ." ಪರದೆಯ ಮೇಲೆ ಒಂದು ಚೌಕ ಖಾಲಿಯಾಗುತ್ತದೆ. ಅದನ್ನು ತುಂಬಬೇಕೆಂದರೆ ಅಕ್ಕಪಕ್ಕದವನ್ನೂ ಅಲುಗಾಡಿಸಬೇಕು.

ನರ್ಸುಗಳೆಲ್ಲ ಇವರನ್ನು ಕರೆಯುವುದು 'ಪಾಳಿ ಅಕ್ಕ' ಎಂದೇ. ಯಾರಿಗೆ ಹಗಲು, ಯಾರಿಗೆ ರಾತ್ರಿ, ಯಾರಿಗೆ ರಜೆ ಎಂಬುದೆಲ್ಲ ಇವರ ಸ್ಪ್ರೆಡ್‌ಶೀಟಿನಲ್ಲಿದೆ. ಒಂದೊಂದು ಅಡ್ಡಸಾಲಿಗೆ ಒಬ್ಬೊಬ್ಬ ನರ್ಸು, ಒಂದೊಂದು ಕಾಲಮ್ಮಿಗೆ ಒಂದೊಂದು ದಿನ. ರಾತ್ರಿ ಪಾಳಿ ಮುಗಿಸಿದವರಿಗೇ ಮತ್ತೆ ಹಗಲು ಬಿದ್ದರೆ ಚೌಕ ತಾನಾಗಿ ಕೆಂಪಾಗುವಂತೆ ಸೂತ್ರ ಬರೆದಿಟ್ಟಿದ್ದಾರೆ. ಮೊದಲೆಲ್ಲ ಗೋಡೆಗೆ ಅಂಟಿಸಿದ ಕಾಗದ. ಹೊಡೆದು ತಿದ್ದಿ, ತಿದ್ದಿದ್ದನ್ನು ಮತ್ತೆ ಹೊಡೆದು, ಕೊನೆಗೆ ಜಗಳ.

"ಬಾಯಿ ಜೋರಿದ್ದವಳಿಗೆ ಹಗಲು, ಬಾಯಿಲ್ಲದವಳಿಗೆ ರಾತ್ರಿ. ಶೀಟು ಬಂದ್ಮೇಲೆ ಆ ಆಟ ನಡೀಲಿಲ್ಲ," ಎಂದು ನಗುತ್ತಾರೆ.

ನಗು ಬೇಗ ಆರುತ್ತದೆ. ಇವರ ತಂಗಿಯೂ ಇಲ್ಲೇ ನರ್ಸು. ಹೋದ ವರ್ಷ ಅಪ್ಪ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಗ ಅವಳು ಈ ಬಾಗಿಲಲ್ಲೇ ನಿಂತು ಕೇಳಿದ್ದಳು: "ಅಕ್ಕಾ, ನಾಳೆ ಒಂದಿನ ನನ್ನ ಪಾಳಿ ಬದಲಾಯಿಸು. ಅಪ್ಪನ ಉಸಿರು ಯಾಕೋ ಸರಿ ಇಲ್ಲ ಕಣಕ್ಕ." ಬದಲಿಗೆ ಬರಲು ಒಬ್ಬಳು ಒಪ್ಪಿಯೂ ಇದ್ದಳು. ಆದರೆ ತಂಗಿ ಅಂತ ಸಲೀಸು ಮಾಡಿಕೊಟ್ಟಳು ಎಂದು ನಾಲ್ಕು ಜನ ಆಡಿಕೊಂಡಾರೆಂಬ ಅಳುಕು ಅಕ್ಕನಿಗೆ. "ಶೀಟು ಹಾಕಿ ಆಗಿದೆ, ನಾಡಿದ್ದು ನೋಡೋಣ" ಅಂದುಬಿಟ್ಟರು.

ಮರುದಿನ ಅಕ್ಕನಿಗೆ ವಾರದ ರಜೆ. ಅಪ್ಪನ ಪಕ್ಕದಲ್ಲೇ ಇದ್ದರು. ಅಪ್ಪ ಬಾಗಿಲ ಕಡೆಗೇ ನೋಡುತ್ತಾ "ಚಿಕ್ಕವಳು ಬಂದ್ಲಾ?" ಎಂದು ಮತ್ತೆ ಮತ್ತೆ ಕೇಳಿದರು. ಚಿಕ್ಕವಳು ಆಗ ವಾರ್ಡಿನಲ್ಲಿ ಇನ್ಯಾರದೋ ಅಪ್ಪನ ಬೆನ್ನು ನೀವುತ್ತಿದ್ದಳು. ಫೋನ್ ಹೋಗಿ, ಅವಳು ಬಿದ್ದೂ ಎದ್ದೂ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಬೈದಿದ್ರೂ ಹಗುರ ಆಗ್ತಿತ್ತು. 'ಶೀಟು ಹಾಕಿ ಆಗಿತ್ತಲ್ಲ, ಬಿಡು' ಅಂದ್ಲು. ಅಷ್ಟೇ."

ಈಗ ಶೀಟಿಗೆ ಹೊಸದೊಂದು ಕಾಲಂ ಸೇರಿದೆ: 'ಮನೆಯಲ್ಲಿ'. ಒಬ್ಬಳ ಮಗನಿಗೆ ಪರೀಕ್ಷೆ, ಇನ್ನೊಬ್ಬಳ ಅತ್ತೆಗೆ ಕಣ್ಣಿನ ಆಪರೇಷನ್. ಅದರ ಮೇಲೆ ಕಣ್ಣಾಡಿಸದೆ ಅಕ್ಕ ಯಾರಿಗೂ ಪಾಳಿ ಹಾಕುವುದಿಲ್ಲ. ತಂಗಿಯ ಸಾಲಿನಲ್ಲಿ ಮಾತ್ರ ಅಲ್ಲೇನೂ ಇಲ್ಲ. ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಹೋಗುತ್ತಾರೆ, ತರಕಾರಿ, ಔಷಧಿ ಅಂತ ಮಾತೂ ಆಡುತ್ತಾರೆ.

ಏನಾದರೂ ಆಸೆ ಇದೆಯೇ ಎಂದರೆ ಕೀಲಿಮಣೆಯಿಂದ ಕೈ ತೆಗೆದು ತಂಗಿಯ ಸಾಲಿನ ಆ ಖಾಲಿ ಚೌಕದ ಮೇಲೆ ಬೆರಳಿಡುತ್ತಾರೆ.

"ಅವತ್ತಿಂದ ಅವಳು ರಜೆ ಅಂತ ನನ್ನ ಹತ್ರ ಬಂದೇ ಇಲ್ಲ. ಒಂದ್ಸಲ ಬಂದು ಕೇಳ್ಲಿ. ಯಾಕೆ ಅಂತಾನೂ ಕೇಳಲ್ಲ ನಾನು."