ಕೈಯಳತೆಯ ರಿವಾಲ್ವರ್

ನಿಮ್ಮ ಯಜಮಾನರ ಅಂಗೈ ಎಷ್ಟಗಲ, ನೋಡದೆ ಹೇಳಬಲ್ಲಿರಾ? ಸುಳ್ಳು ಹೇಳಬೇಡಿ. ಇಷ್ಟು ವರ್ಷ ಆ ಕೈಗೆ ಕಾಫಿ ಲೋಟ ಕೊಟ್ಟಿದ್ದೀರಿ, ಆ ಕೈ ಸೋಫಾದಲ್ಲಿ ರಿಮೋಟ್ ಹಿಡಿದುಕೊಂಡೇ ನಿದ್ದೆ ಹೋಗುವುದನ್ನು ನೋಡಿದ್ದೀರಿ, ಆದರೂ ಗೊತ್ತಿಲ್ಲ, ಅಲ್ಲವೇ? ನನಗೆ ಗೊತ್ತು. ನನ್ನದಕ್ಕಿಂತ ಒಂದು ಬೆರಳು ಅಗಲ, ಒಂದು ಗಿಣ್ಣು ಉದ್ದ. ಇಷ್ಟನ್ನು ತಿಳಿದುಕೊಳ್ಳಲು ಮನೆಗೆ ಒಂದು ರಿವಾಲ್ವರ್ ಬರಬೇಕಾಯಿತು.

ನಮ್ಮವರು ಈ ಪರದೇಶಕ್ಕೆ ಬಂದು ಲಿವೋನಿಯಾದ ಕಾರ್ಖಾನೆಯೊಂದರಲ್ಲಿ ಕಾರಿನ ಭಾಗಗಳಿಗೆ ಅಚ್ಚು ಮಾಡಿಸುತ್ತಿದ್ದ ಎಂಜಿನಿಯರ್. ಕೂದಲೆಳೆಯನ್ನು ಇಪ್ಪತ್ತು ಪಾಲು ಮಾಡಿ, ಅದರಲ್ಲಿ ಒಂದು ಪಾಲು ಹೆಚ್ಚಾಗಿದೆ ಎಂದು ಮಾಲನ್ನು ವಾಪಸ್ ಕಳಿಸಿ ಹೆಸರು ಮಾಡಿದವರು. ರಿಟೈರ್ ಆದ ಮೇಲೆ ಅಳೆಯಲು ಏನೂ ಸಿಗದೆ ನನ್ನ ದೋಸೆಗಳ ಹಿಂದೆ ಬಿದ್ದರು. ಒಂದು ದಿನ ಚಟ್ನಿ ಬೆರಳಿನಲ್ಲೇ ಫೋನು ಹಿಡಿದು ತೋರಿಸಿದರು. ಈ ದೇಶದ ಪಶ್ಚಿಮದ ಬೆಟ್ಟಗಳ ಕಡೆ ಯಾರೋ ಒಬ್ಬ ಮುದುಕ ಒಂಟಿಯಾಗಿ ಕೂತು, ಒಂದು ಮುಗಿಸಿದ ಮೇಲೆ ಇನ್ನೊಂದರಂತೆ, ಹಿಡಿಯುವವರ ಕೈಯಳತೆಗೆ ರಿವಾಲ್ವರ್ ಮಾಡಿಕೊಡುತ್ತಾನಂತೆ.

"ಅರ್ಧ ಅಂಗುಲ ದಪ್ಪದ ಗುಂಡು ಕಣೇ. ಎದುರಿಗೆ ಕರಡಿ ಬಂದ್ರೂ ನಿಂತುಬಿಡತ್ತೆ."

"ನಮ್ಮ ಟ್ರಾಯ್ ಊರಲ್ಲಿ ಕರಡಿ ಎಲ್ಲಿದೆ ರೀ? ನಮ್ಮ ಬಡಾವಣೆಗೆ ಬರೋದು ಮೊಲ. ಅದಕ್ಕೂ ನೀವು ಕ್ಯಾರೆಟ್ ಹಾಕ್ತೀರಿ."

"ನಿಂಗೆ ಅರ್ಥ ಆಗಲ್ಲ. ಎನ್‌ಸಿಸಿಲಿ ನಾನು…"

"ಗೊತ್ತು. ನೀವು ಹೊಡೆದ ಗುಂಡೆಲ್ಲ ಪಕ್ಕದವನ ಗುರಿಗೆ ಬಿತ್ತು, ಅವನಿಗೆ ಕಪ್ ಕೊಟ್ರು."

ಅವರು ನಗಲಿಲ್ಲ. ಅದು ನಿಜವೇ ಆಗಿತ್ತು.

ಆ ಮುದುಕ ಕೇಳಿದ್ದು ಒಂದೇ. ಗನ್ನು ಹಿಡಿಯುವ ಕೈಯನ್ನು ಬಿಳಿ ಕಾಗದದ ಮೇಲೆ ಊರಿ, ಸುತ್ತಲೂ ಪೆನ್ಸಿಲಿನಲ್ಲಿ ಗೆರೆ ಎಳೆದು ಕಳಿಸಬೇಕು. ದರ್ಜಿಗೆ ರವಿಕೆ ಅಳತೆ ಕೊಟ್ಟ ಹಾಗೆ. ನಮ್ಮವರು ಊಟದ ಮೇಜಿನ ಮೇಲೆ ಅರ್ಧ ದಿನ ಕೂತು, ಮೂರು ಪೆನ್ಸಿಲ್ ಹೆರೆದು, ಗೆರೆ ಎಳೆದರು. ಕವರಿಗೆ ವಿಳಾಸ ಬರೆದು, ಅಂಚೆಯವನು ಬರುವಷ್ಟರಲ್ಲಿ ಸ್ನಾನ ಮಾಡಿಕೊಂಡು ಬರುತ್ತೇನೆ ಎಂದು ಹೋದರು.

ನಾನು ಒಗ್ಗರಣೆ ಸೌಟನ್ನು ಆ ಕಾಗದದ ಮೇಲಿಟ್ಟೆ. ಬೇಕೆಂದೇ ಅಲ್ಲ. ಕೈ ಸುಡುತ್ತಿತ್ತು, ಎದುರಿಗೆ ಕಾಗದ ಕಂಡಿತು. ಎತ್ತಿ ನೋಡಿದರೆ ಅವರ ಹೆಬ್ಬೆರಳಿನ ಜಾಗದಲ್ಲಿ ಎಣ್ಣೆಯ ಕೆರೆ, ಅದರ ನಡುವೆ ಎರಡು ಸಾಸಿವೆ. ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು. ಹೊಸ ಕಾಗದ ತೆಗೆದೆ, ನನ್ನ ಬಲಗೈ ಊರಿದೆ, ಎಡಗೈಯಲ್ಲಿ ಗೆರೆ ಎಳೆದೆ, ಕವರಿಗೆ ಹಾಕಿ ಅಂಟಿಸಿ ಅಂಚೆಯವನ ಕೈಗೆ ಕೊಟ್ಟೆ. ಕೈ ಎಂದರೆ ಕೈ, ಐದು ಬೆರಳು ಇದ್ದರಾಯಿತು ಎಂದುಕೊಂಡೆ. ಅವರು ಟವೆಲ್ ಸುತ್ತಿಕೊಂಡು ಬರುವಷ್ಟರಲ್ಲಿ ಅಂಚೆ ಗಾಡಿ ಮುಂದಿನ ಮನೆಯಲ್ಲಿತ್ತು.

ಎರಡು ವಾರಕ್ಕೆ ಮುದುಕನ ಉತ್ತರ ಬಂತು. 'ನಿಮ್ಮದು ವಾದ್ಯ ನುಡಿಸುವವರ ಕೈ ಇದ್ದಂತಿದೆ, ಇಂಥ ನಾಜೂಕಾದ ಕೈಗೆ ಹಿಡಿ ಮಾಡುವುದು ನನಗೂ ಖುಷಿ' ಎಂದು ಬರೆದಿದ್ದ. ನಮ್ಮವರು ಆ ಪತ್ರವನ್ನು ದೇವಸ್ಥಾನಕ್ಕೆ ತೆಗೆದುಕೊಂಡು ಹೋಗಿ ಪ್ರಸಾದದ ಸಾಲಿನಲ್ಲಿ ನಿಂತವರಿಗೆಲ್ಲ ಓದಿ ಹೇಳಿದರು. "ಅಂಕಲ್, ನೀವು ವೀಣೆ ಕಲೀಬೇಕಿತ್ತು" ಎಂದು ಯಾರೋ ಹುಡುಗಿ ಅಂದಳು. ನನಗೆ ಕೇಸರಿಬಾತು ಗಂಟಲಲ್ಲಿ ಸಿಕ್ಕಿ ಹೊರಗೆ ಹೋಗಿ ಕೆಮ್ಮಿ ಬಂದೆ. ಆವತ್ತೇ ಹೇಳಿಬಿಡಬಹುದಿತ್ತು. ಹೇಳಿದ್ದರೆ ತಮಾಷೆ ಅಲ್ಲಿಗೇ ಮುಗಿಯುತ್ತಿತ್ತಲ್ಲ.

ಸರದಿ ಬರಲು ಮೂರು ವರ್ಷವಾಯಿತು. ಆ ಮೂರು ವರ್ಷದಲ್ಲಿ ಅವರ ಬಲಗೈ ನಡುಗಲು ಶುರುವಾಯಿತು.

ಮೊದಲು ಕಂಡದ್ದು ನನಗೆ. ಲೋಟ ಬಟ್ಟಲಿಗೆ ತಾಗಿ ಕಟಕಟ ಅನ್ನುತ್ತಿತ್ತು. "ತಾಳ ತಪ್ತಿದೆ ರೀ, ಇನ್ನೊಂದ್ಸಲ ಮೊದಲಿಂದ ಹಾಕಿ" ಎಂದೆ. ಆಮೇಲೆ ಲೋಟವನ್ನು ಎಡಗೈಯಲ್ಲಿ ಹಿಡಿಯತೊಡಗಿದರು. "ಯಾರಿಗೋಸ್ಕರ ಎಡಚ ಆದ್ರಿ?" ಎಂದೆ. ಹೀಗೆ ಬರೆದುಕೊಳ್ಳಲು ನನಗೆ ನಾಚಿಕೆಯಿಲ್ಲ. ಮನೆಯಲ್ಲಿ ಯಾರಿಗೆ ಏನಾದರೂ ನಾನು ನಗುವುದೇ ಹಾಗೆ. ನನಗೆ ಕ್ಯಾಟರಾಕ್ಟ್ ಆದಾಗ ಅವರೂ ಬಿಟ್ಟಿರಲಿಲ್ಲ.

ಮಗಳು ಡಾಕ್ಟರು, ಹತ್ತಿರದ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ಮನೆ. ಅವಳು ನಗಲಿಲ್ಲ. ಕೈ ನೋಡಿದಳು, ನಡೆಸಿ ನೋಡಿದಳು, ಇನ್ನೊಬ್ಬ ಡಾಕ್ಟರ ಬಳಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡಳು. ಅಷ್ಟರಲ್ಲಿ ನಮ್ಮವರು ಕಾರು ತಿರುಗಿಸುವಾಗ ಪಕ್ಕದ ಮನೆಯ ಮುಂದೆ ಕಂಬಕ್ಕೆ ಕೂರಿಸಿದ್ದ ಮೇಲ್‌ಬಾಕ್ಸ್ ಕೆಡವಿದರು.

"ಅಪ್ಪಾ, ಕೀ ಕೊಡಿ. ಅಯಾಮ್ ನಾಟ್ ಜೋಕಿಂಗ್," ಎಂದಳು.

"ಮೇಲ್‌ಬಾಕ್ಸ್ ರಸ್ತೆಗೆ ಬಂದಿತ್ತಮ್ಮ."

"ನಾಳೆ ಮೇಲ್‌ಬಾಕ್ಸ್ ಜಾಗದಲ್ಲಿ ಮಗು ನಿಂತಿರತ್ತೆ."

ಇವರು ಕೀಯನ್ನು ಜೇಬಿಗಿಳಿಸಿದರು. ಆಮೇಲೆ ಅಂದರು, "ಗನ್ನು ಮುಂದಿನ ವಾರ ಬರತ್ತೆ. ಐದು ಗುಂಡು ಹಿಡಿಯೋದು. ಇಪ್ಪತ್ತು ಅಡಿಯಿಂದ ಊಟದ ಪೇಪರ್ ಪ್ಲೇಟಿಗೆ ಮೂರು ಬಿದ್ರೆ ಕೀ ನನ್ನ ಹತ್ರಾನೇ. ಬೀಳ್ಲಿಲ್ಲ ಅಂದ್ರೆ ನಾನೇ ತಂದು ನಿನ್ನ ಕೈಗೆ ಕೊಡ್ತೀನಿ."

ಮಗಳು ಒಪ್ಪಿದಳು. ನಡುಗುವ ಕೈಗೆ ಮೂರು ಬೀಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಹಿಡಿಯೇ ಆ ಕೈಯದಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ.

ಈ ಊರಿನಲ್ಲಿ ಕೀ ಇಲ್ಲದ ಮನುಷ್ಯ ಮೊಸರು ತರಲೂ ಇನ್ನೊಬ್ಬರ ಮುಖ ನೋಡಬೇಕು. ನಾನು ನೋಡುತ್ತಲೇ ಬಂದಿದ್ದೇನೆ. ಬಂದ ಹೊಸತರಲ್ಲಿ ಒಂದು ಭಾನುವಾರ, ಖಾಲಿ ಪಾರ್ಕಿಂಗ್ ಲಾಟಿನಲ್ಲಿ ನನಗೆ ಡ್ರೈವಿಂಗ್ ಹೇಳಿಕೊಟ್ಟರು. ಕಾಲು ಗಂಟೆ. ಒಂದು ಶಾಪಿಂಗ್ ಕಾರ್ಟಿಗೆ ತಾಗಿಸಿದೆ. "ಇಳಿ, ಇಳಿ. ಈ ಕೈ ಸ್ಟೀರಿಂಗಿಗೆ ಆಗೋದಲ್ಲ, ಸೌಟಿಗೇ ಸರಿ" ಎಂದರು. ಆಮೇಲೆ ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋದರು, ಒಂದು ಸಲವೂ ಬೇಸರಪಡಲಿಲ್ಲ, ಅದೂ ನಿಜ. ಆದರೆ ಆ ಮಾತನ್ನು ನಾನು ಉಪ್ಪಿನಕಾಯಿ ಹಾಕಿಟ್ಟುಕೊಂಡಿದ್ದೆ. ಹಾಗಾಗಿ ಆ ವಾರವೂ ಬಾಯಿ ಬಿಡಲಿಲ್ಲ.

ಗನ್ನು ಬಂದದ್ದು ಲಿವೋನಿಯಾದ ಗನ್ ಅಂಗಡಿಗೆ. ಹಾಗೆಲ್ಲ ಮನೆ ಬಾಗಿಲಿಗೆ ತಂದಿಡುವುದಿಲ್ಲ, ಅಂಗಡಿಯಲ್ಲಿ ಫಾರಂ ತುಂಬಿ, ಅವರು ವಿಚಾರಿಸಿ ನೋಡಿ, ಆಮೇಲೆ ಕೊಡುತ್ತಾರೆ. ಮಗಳು ಕರೆದುಕೊಂಡು ಹೋದಳು. ನಮ್ಮವರು ಇಸ್ತ್ರಿ ಮಾಡಿದ ಷರ್ಟು ಹಾಕಿದ್ದರು. ಸಹಿ ಮಾಡುವಾಗ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಅದುಮಿ ಹಿಡಿದುಕೊಂಡರು. ಅಂಗಡಿಯವನು ಸಭ್ಯ, ಬೇರೆ ಕಡೆ ನೋಡಿದ. ನಾನು ನೋಡುತ್ತಲೇ ಇದ್ದೆ.

ಮರದ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಮಾತ್ರ ನನ್ನ ಬಾಯಿಯೂ ಕಟ್ಟಿತು. ಕಾಡಿಗೆಗೆ ನೀಲಿ ಬೆರೆಸಿದಂಥ ಬಣ್ಣದ ಉಕ್ಕು. ಕೇಳಿ ಹಾಕಿಸಿಕೊಂಡಿದ್ದ ಬೀಟೆ ಮರದ ಹಿಡಿ, ಎಣ್ಣೆ ಹಚ್ಚಿ ಬಾಚಿದ ತಲೆಯಷ್ಟು ನುಣುಪು. ನಮ್ಮವರು ಗುಂಡು ತುಂಬುವ ಸಿಲಿಂಡರನ್ನು ಒಂದೊಂದು ಮನೆ ತಿರುಗಿಸಿ ಕಿವಿಗೆ ಹಿಡಿದುಕೊಂಡರು. ಟಿಕ್. ಟಿಕ್. "ಕೇಳಿಸ್ತೇನೇ? ಎಳ್ಳಷ್ಟೂ ಸಡಿಲ ಇಲ್ಲ. ನಾನು ಇಷ್ಟು ವರ್ಷದಲ್ಲಿ ಒಂದು ಪೀಸೂ ಇಂಥದ್ದು ಮಾಡಿಸಲಿಲ್ಲ" ಎಂದರು. ಕಣ್ಣು ತುಂಬಿತ್ತು. ಮಗಳು ಹುಟ್ಟಿದ ದಿನ ಅವಳನ್ನೂ ಇಷ್ಟು ನೋಡಿದ್ದರೋ ಇಲ್ಲವೋ.

"ಹಿಡ್ಕೊಳ್ಳಿ, ನೋಡೋಣ," ಎಂದೆ ನಾನು.

ಹಿಡಿದರು. ಕಿರುಬೆರಳು ಹಿಡಿಯ ಕೆಳಗೆ ಗಾಳಿಯಲ್ಲಿ ನೇತಾಡಿತು. ಬೆರಳ ತುದಿಗಳು ಸುತ್ತಿಬಂದು ಅಂಗೈಗೇ ಚುಚ್ಚುತ್ತಿದ್ದವು. ಮಗುವಿನ ಚಪ್ಪಲಿಗೆ ದೊಡ್ಡವರು ಕಾಲು ತೂರಿಸಿದ ಹಾಗೆ. ಸರಿಮಾಡಿಕೊಂಡರು, ಮತ್ತೆ ಹಿಡಿದರು. ಅವರ ಮುಖದಲ್ಲಿ ಏನೋ ಒಂದು ಸುಮ್ಮನೆ ಆರಿತು. "ಅಳತೆ ಕೊಟ್ಟು ಮಾಡ್ಸಿದ್ದು… ಸರಿಯಾಗೇ ಇರತ್ತೆ" ಎಂದು ತಮಗೆ ತಾವೇ ಹೇಳಿಕೊಂಡರು.

ಅಂಗಡಿಯ ಹಿಂದೆಯೇ ಗುಂಡು ಹೊಡೆಯುವ ಜಾಗ. ಕಿವಿಗೆ ದಪ್ಪ ಮುಚ್ಚಳ, ಕಣ್ಣಿಗೆ ಕನ್ನಡಕ. ಹಬ್ಬದ ಊಟಕ್ಕೆ ತಂದು ಮಿಕ್ಕಿದ್ದ ಪೇಪರ್ ಪ್ಲೇಟನ್ನು ಮಗಳೇ ತಂತಿಗೆ ಸಿಕ್ಕಿಸಿದಳು. ಮದ್ದು ಕಡಿಮೆಯಿರುವ ಗುಂಡುಗಳನ್ನೇ ತಂದಿದ್ದರು, ಹೊಸ ಗನ್ನಿಗೆ ಮೊದಲು ಅದೇ ಹಾಕಬೇಕಂತೆ.

ಮೊದಲನೆಯದು ನೆಲಕ್ಕೆ ಬಿತ್ತು. ಶಬ್ದ ಕಿವಿಗಲ್ಲ, ನನ್ನ ಹಲ್ಲಿನ ಸೆಟ್ಟಿಗೆ ಕೇಳಿಸಿತು. ಹಿಡಿ ಅವರ ಕೈಯೊಳಗೇ ತಿರುಗಿ, ಟ್ರಿಗರ್ ಸುತ್ತಲಿನ ಉಕ್ಕಿನ ಬಳೆ ನಡುಬೆರಳಿನ ಗಿಣ್ಣಿಗೆ ಬಡಿಯಿತು. ಎರಡನೆಯದು ಎಲ್ಲಿಗೆ ಹೋಯಿತೋ ಕಾಣಲಿಲ್ಲ. ಮೂರನೆಯದು ತಟ್ಟೆಯ ಅಂಚು ಹರಿಯಿತು. ಗಿಣ್ಣಿನಿಂದ ರಕ್ತ ಬರುತ್ತಿತ್ತು.

"ಅಪ್ಪಾ, ಸ್ಟಾಪ್. ಸಾಕು," ಎಂದಳು ಮಗಳು.

"ಇನ್ನೆರಡಿದೆ."

"ಬಿಡೇ, ಹೊಡೀಲಿ," ಎಂದೆ ನಾನು. "ಪಕ್ಕದವನ ಗುರಿ ಇನ್ನೂ ಬಾಕಿ ಇದೆ."

ಪಕ್ಕದ ಗುರಿಯಲ್ಲಿ ಯಾರೂ ಇರಲಿಲ್ಲ. ಉಳಿದೆರಡನ್ನೂ ಹೊಡೆದರು. ಎರಡೂ ತಪ್ಪಿದವು. ತಂತಿ ಎಳೆದು ತಟ್ಟೆಯನ್ನು ಹತ್ತಿರ ತರಿಸಿದರು, ಹರಿದ ಅಂಚನ್ನು ಬೆರಳಿನಲ್ಲಿ ಮುಟ್ಟಿದರು. "ಒಂದೂ ಇಲ್ಲ. ಇದನ್ನ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ" ಎಂದರು. ಅಳತೆಯ ವಿಷಯದಲ್ಲಿ ಅವರು ತಮಗೂ ರಿಯಾಯಿತಿ ಕೊಡುವವರಲ್ಲ.

ಆಗ ನಾನು ಮಾಡಿದ್ದು ನೋಡಿ. "ನಂಗೂ ಒಂದು" ಎಂದು ಕೇಳಿದೆ. ಮಗಳು ಬೇಡವೆಂದಳು, ಅಂಗಡಿಯವನು ನಗುತ್ತಾ ಒಂದೇ ಒಂದು ಗುಂಡು ಹಾಕಿ, ಹಿಂದೆ ನಿಂತುಕೊಂಡ.

ಹಿಡಿ ನನ್ನ ಕೈಗೆ ಬಂದು ಕೂತಿತು. ಹಾಗೆಂದರೆ ಏನು ಎಂದು ಹೇಗೆ ಹೇಳಲಿ? ಬೇರೆಯವರ ಅಳತೆಗೆ ಹೊಲಿದ ಲೋಕದಲ್ಲಿ ಇಷ್ಟು ವರ್ಷ ಬದುಕಿದ್ದೇನೆ. ಕಾರಿನ ಸೀಟು ನನಗೆ ಎತ್ತರ, ಅಡುಗೆಮನೆಯ ಶೆಲ್ಫ್ ಎಟುಕುವುದಿಲ್ಲ, ಕೋಟಿನ ತೋಳು ಮಡಿಚಬೇಕು. ಇದೊಂದು ಮಾತ್ರ, ಯಾರೋ ಒಬ್ಬ ಮುದುಕ ನನ್ನ ಐದು ಬೆರಳುಗಳನ್ನೇ ನೆನೆಯುತ್ತಾ ಉಜ್ಜಿ ಉಜ್ಜಿ ಮಾಡಿದ್ದು. ಹೆಬ್ಬೆರಳಿನಿಂದ ಹಿಂದಿನ ಕೊಕ್ಕೆ ಎಳೆದೆ, ಬೆಣ್ಣೆಯ ಹಾಗೆ ಬಂತು. ಹೊಡೆದೆ. ಕೈ ಮೇಲಕ್ಕೆ ಹಾರಿತು, ನಾನು ಒಂದು ಹೆಜ್ಜೆ ಹಿಂದೆ ಹೋದೆ, ಬಾಯಿಂದ ಒಂದು ಕೇಕೆ ಹೊರಟಿತು. ತಟ್ಟೆಯ ನಡುವೆ ಹೆಬ್ಬೆಟ್ಟು ತೂರುವಷ್ಟು ತೂತು.

ನಾನು ಕುಣಿದೆ. ಹೌದು, ಅಲ್ಲೇ, ಇವರ ಮುಂದೆಯೇ. "ಸೌಟಿಗೇ ಸರಿ ಅಂದಿದ್ರಲ್ಲ, ನೋಡ್ಕೊಳ್ಳಿ ಸೌಟಿನ ಕೈ!" ಎಂದೆ. ಅವರು ಎರಡೂ ಕೈ ಸೇರಿಸಿ ಚಪ್ಪಾಳೆ ತಟ್ಟಿದರು. ಒಂದು ಕೈಯ ಗಿಣ್ಣಿಗೆ ಕರವಸ್ತ್ರ ಸುತ್ತಿತ್ತು, ಶಬ್ದ ಬರಲಿಲ್ಲ.

ಪಾರ್ಕಿಂಗಿನಲ್ಲಿ, ಯಾರೂ ಕೇಳದೆ, ತಮ್ಮ ಕಾರಿನ ಕೀ ತೆಗೆದು ಮಗಳ ಅಂಗೈಯಲ್ಲಿಟ್ಟರು. ಹಿಂದಿನ ಸೀಟಿನಲ್ಲಿ ಕೂತರು. ಅವರನ್ನು ಹಿಂದಿನ ಸೀಟಿನಲ್ಲಿ ನಾನು ನೋಡಿದ್ದೇ ಇಲ್ಲ. ಮಗಳು ಕಾರನ್ನು ಹೆದ್ದಾರಿಗೆ ಹತ್ತಿಸಿದಳು.

ಆಮೇಲೆ ಹಿಂದಿನಿಂದ ಮೆಲ್ಲಗೆ ಕೇಳಿಸಿತು. "ನಡುಕ ಒಂದೇ ಅಂದ್ಕೊಂಡಿದ್ದೆ. ಕೈಯೇ ಬದಲಾಗಿಹೋಗಿದೆ ಕಣಮ್ಮ. ಊದಿದ್ಯೋ ಏನೋ. ನಾನೇ ಗೆರೆ ಎಳೆದು ಕಳ್ಸಿದ ಕೈ, ಈಗ ಅದರೊಳಗೆ ಹೋಗ್ತಾ ಇಲ್ಲ. ಡಾಕ್ಟ್ರಿಗೆ ಅದನ್ನೂ ಹೇಳು."

ಮಗಳ ಮುಖ ಬಿಗಿಯಾಯಿತು. "ಊದಿದ್ರೆ ಅದು ಬೇರೆ ಪ್ರಾಬ್ಲಮ್ ಅಪ್ಪಾ. ನಾಳೆಯೇ ಟೆಸ್ಟ್ ಮಾಡ್ಸೋಣ" ಎಂದಳು.

ಹೆದ್ದಾರಿಯಿಂದ ಇಳಿಯುವ ಎರಡು ಎಗ್ಸಿಟ್ ದಾಟುವವರೆಗೂ ನಾನು ತಡೆದುಕೊಂಡೆ. ತಮ್ಮ ಕೈಯನ್ನು ಬೇರೆ ಯಾರದೋ ಎಂಬ ಹಾಗೆ ಅವರು ತಿರುಗಿಸಿ ತಿರುಗಿಸಿ ನೋಡುತ್ತಿದ್ದುದು ಕನ್ನಡಿಯಲ್ಲಿ ಕಾಣುತ್ತಿತ್ತು.

"ಏನೂ ಊದಿಲ್ಲ," ಎಂದೆ. "ಅದು ನನ್ನ ಕೈ. ನೀವು ಬರೆದ ಕಾಗದದ ಮೇಲೆ ಎಣ್ಣೆ ಬಿತ್ತು. ನನ್ನ ಕೈದೇ ಬರೆದು ಕಳಿಸ್ಬಿಟ್ಟೆ."

"ಅಮ್ಮಾ! ವಾಟ್?" ಮಗಳು ಎಷ್ಟು ಜೋರಾಗಿ ಅಂದಳೆಂದರೆ ಕಾರು ರಸ್ತೆಯ ಬಿಳಿ ಪಟ್ಟೆ ದಾಟಿ ಪಕ್ಕಕ್ಕೆ ಸರಿಯಿತು. "ತ್ರೀ ಇಯರ್ಸ್! ಇವತ್ತು ಬೆಳಿಗ್ಗೆ ಹೇಳ್ಬೋದಿತ್ತಲ್ಲ? ಹಿ ವಾಸ್ ಬ್ಲೀಡಿಂಗ್!"

"ಹೇಳ್ಬೋದಿತ್ತು," ಎಂದೆ. "ಈಗ ಹೇಳಿದೆನಲ್ಲ. ಪಂದ್ಯ ಸರಿಯಾಗಿ ನಡೀಲಿಲ್ಲ, ಕೀ ವಾಪಸ್ ಕೊಡು ಅವರಿಗೆ. ಹಿಡಿ ಬೇರೆ ಹಾಕಿಸ್ಕೊಂಡು ಇನ್ನೊಂದ್ಸಲ ಹೊಡೀಲಿ."

ಮಗಳು ಕನ್ನಡಿಯಲ್ಲಿ ಅಪ್ಪನನ್ನು ನೋಡಿದಳು. ನನಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ನಗುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದು ಕಾದೆ. ಎರಡು ಸೀಟುಗಳ ನಡುವಿನಿಂದ ಅವರ ಬಲಗೈ ಮುಂದೆ ಬಂತು, ಕರವಸ್ತ್ರ ಸುತ್ತಿದ್ದು, ನನ್ನ ಮೂಗಿನ ಮುಂದೆಯೇ. ಯಾವುದರ ಭಾರವೂ ಇಲ್ಲದೆ, ಬರಿಗೈ, ಅಲ್ಲಿ ನಿಂತು ನಡುಗುತ್ತಿತ್ತು.

"ಹಿಡಿಗೆ ಅಳತೆ ಕೊಟ್ಟವಳು ನೀನು, ಒಪ್ಪಿದೆ," ಎಂದರು. "ಈ ನಡುಕಕ್ಕೆ ಅಳತೆ ಕೊಟ್ಟೋರು ಯಾರೇ?"