ಗಿಡ್ಡ್ಯಾ ಕಚ್ಚಿರಲಿಲ್ಲ

ನಾಯಿ ವಸಂತನನ್ನು ಕಚ್ಚಿರಲಿಲ್ಲ, ಚಂಪಾ. ಕಚ್ಚಿತು ಎಂದವಳು ನಾನು. ಹದಿನೈದು ವರ್ಷಗಳ ಹಿಂದೆ ನಿನ್ನ ಅಣ್ಣ ಬಾಗಿಲಲ್ಲಿ ನಿಂತು ಕೇಳಿದ ಒಂದು ಪ್ರಶ್ನೆಗೆ ನಾನು ಸುಳ್ಳು ಹೇಳಿದೆ. ತಿಳಿಯದೆ ಹೇಳಿದ್ದಲ್ಲ, ಗಾಬರಿಯಲ್ಲಿ ಕಣ್ಣು ಕತ್ತಲೆಗಟ್ಟಿ ಹೇಳಿದ್ದೂ ಅಲ್ಲ. ನನ್ನ ಮಗನ ಹಿಮ್ಮಡಿಗೆ ಏನು ತಾಗಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೆ.

ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ. ಯಾಕೆಂದರೆ ನಿನಗೆ ಗೊತ್ತಿರುವುದರಲ್ಲಿ ಅರ್ಧ ನಾನು ಕಟ್ಟಿಕೊಟ್ಟದ್ದು.

ಧಾರವಾಡದಿಂದ ನಮ್ಮ ಮನೆಗೆ ಬಂದಾಗ ನಿನಗೆ ಹದಿನಾರು ವರ್ಷ. ಗಂಡ ವಿಷಮಜ್ವರದಲ್ಲಿ ಹೋಗಿ ವರ್ಷ ತುಂಬಿರಲಿಲ್ಲ. ಪುಣೆಯ ನಾರಾಯಣ ಪೇಟೆಯ ಆ ವಾಡೆಯಲ್ಲಿ, ಮಾಳಿಗೆಯ ಮೇಲೆ, ನಮಗಿದ್ದದ್ದು ಎರಡು ಖೋಲಿ, ಮುಂದೊಂದು ಕಟ್ಟಿಗೆಯ ಗ್ಯಾಲರಿ. ಎಂಟು ಸಂಸಾರಗಳು ಕೆಳಗಿನ ಒಂದೇ ನಳಕ್ಕೆ ಕೊಡ ಹಿಡಿಯುತ್ತಿದ್ದವು. ಅಷ್ಟು ಜನರ ನಡುವೆ ನಿನ್ನೊಡನೆ ಮಾತಾಡುವವರು ಒಬ್ಬರೂ ಇರಲಿಲ್ಲ. ಅರಿಷಿಣ ಕುಂಕುಮಕ್ಕೆ ನಿನ್ನನ್ನು ಕರೆಯುವಂತಿಲ್ಲ. ಕೆಲಸಕ್ಕೆ ಹೊರಟ ಗಂಡಸರು ನೀನು ಎದುರಾದರೆ ಒಳಗೆ ಹೋಗಿ ಒಂದು ಗಳಿಗೆ ಕೂತು ಮತ್ತೆ ಹೊರಡುತ್ತಿದ್ದರು. ಎಲ್ಲರ ನೀರು ಮುಗಿದ ಮೇಲೆ ನೀನು ನಳಕ್ಕೆ ಇಳಿಯುತ್ತಿದ್ದೆ. ಉಳಿದ ಹೊತ್ತೆಲ್ಲ ನನ್ನ ಮನೆಯ ಕೆಲಸ — ಬೀಸುವುದು, ಒಗೆಯುವುದು, ಭಾಂಡೆ ತಿಕ್ಕುವುದು, ನನ್ನ ಕೂಸನ್ನು ಎತ್ತಿ ಆಡಿಸುವುದು. ನಾಲ್ಕು ವರ್ಷ ಹೀಗೆ ಕಳೆಯಿತು. ಆ ನಾಲ್ಕು ವರ್ಷ ನಾನು ಬಹಳ ಸುಖವಾಗಿದ್ದೆ. ಇದನ್ನು ಮೊದಲೇ ಹೇಳಿಬಿಡಬೇಕು, ಮುಂದಿನದೆಲ್ಲ ಇದರಿಂದಲೇ ಹುಟ್ಟಿದ್ದು.

ನಿನ್ನ ಅಣ್ಣನಿಗೆ ಮಾತ್ರ ನಿನ್ನನ್ನು ನೋಡಿದಾಗಲೆಲ್ಲ ಸಂಕಟ. ಅವರು ಕ್ಯಾಂಪಿನಲ್ಲಿ ಮಿಲಿಟರಿ ಕಚೇರಿಯ ಕಾರಕೂನರು. ಅಲ್ಲಿಯ ಸಾಹೇಬನೊಬ್ಬ ವಿಲಾಯತಿಗೆ ಮರಳುವಾಗ ತನ್ನ ನಾಯಿಯನ್ನು ಯಾರಾದರೂ ಸಾಕಿಕೊಳ್ಳುವಿರಾ ಎಂದು ಕೇಳಿದನಂತೆ. ಕಾರ್ಗಿ ಎಂಬ ಜಾತಿ. ಅವನ ಊರಿನ ಕಡೆ ಅದು ದನ ಕಾಯುವ ನಾಯಿ. ದನಗಳ ಹಿಮ್ಮಡಿಗೆ ಬಾಯಿ ತಾಗಿಸಿ ಹಿಂಡನ್ನು ಮನೆಗೆ ಹೊಡೆದುಕೊಂಡು ಬರುತ್ತದೆ. ಆದರೂ ಸಣ್ಣ ಮನೆಗೆ ಸರಿಹೋಗುತ್ತದೆ, ದಿನಕ್ಕೆರಡು ಸಲ ತಿರುಗಾಡಿಸಿದರೆ ಸಾಕು, ಒಂಟಿ ಜೀವಕ್ಕೆ ಇದಕ್ಕಿಂತ ಒಳ್ಳೆಯ ಜೊತೆಯಿಲ್ಲ ಎಂದಿದ್ದರಂತೆ ಅವನ ಮೇಮ್‌ಸಾಹೇಬರು. ಆ ಕೊನೆಯ ಮಾತು ಇವರ ಮನಸ್ಸಿಗೆ ಹತ್ತಿತು.

ಅಂದು ಸಂಜೆ ಇವರು ಬಂದ ಠೀವಿಯನ್ನು ವಾಡೆಯವರು ತಿಂಗಳುಗಟ್ಟಲೆ ಆಡಿಕೊಂಡರು — ಧೋತರ, ಕೋಟು, ತಲೆಗೆ ರುಮಾಲು, ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಬೆಲ್ಲದ ಬಣ್ಣದ ನಾಯಿ, ಹಿಂದೆ ಪೇಟೆಯ ಹುಡುಗರ ದಂಡು. ನರಿಯ ಮುಖ, ಮೊರದಂಥ ಕಿವಿ, ಗೇಣುದ್ದವೂ ಇಲ್ಲದ ಕಾಲು. ಕಾಲು ಹಚ್ಚುವುದನ್ನು ದೇವರು ಮರೆತನೇನೋ ಎಂದು ವಾಡೆಯ ಮಾಲಕಿಯೂ ನಕ್ಕಳು.

"ನಮ್ಮಂಥವರ ಮನ್ಯಾಗ ನಾಯೇನ್ರಿ?" ಎಂದೆ ನಾನು.

"ಅಕೀಗೂ ಒಂದು ಜೀವ ಜೋಡಿ ಇರ್ಲಿ. ನೀ ಸುಮ್ಮನಿರು," ಎಂದರು.

ಅದಕ್ಕೇನೋ ಇಂಗ್ಲಿಷ್ ಹೆಸರಿತ್ತು. ನೀನು ಗಿಡ್ಡ್ಯಾ ಎಂದು ಕರೆದೆ. ಬಾಲವಿಲ್ಲದ ಆ ಪ್ರಾಣಿ ಹಿಂಭಾಗವನ್ನೆಲ್ಲ ಅಲ್ಲಾಡಿಸುತ್ತ ನಿನ್ನ ಕಾಲ ಮೇಲೆ ಗದ್ದವಿಟ್ಟು ಕೂತಿತು. ನೀನು ಬಾಗಿ ಅದರ ಕಿವಿ ಹಿಡಿದೆ. ನಾಲ್ಕು ವರ್ಷದಲ್ಲಿ ನನ್ನ ಕೂಸಿನ ಹೊರತು ಯಾರೂ ನಿನ್ನನ್ನು ಮುಟ್ಟಿರಲಿಲ್ಲ. ಅದು ಅಂದು ನನಗೆ ಹೊಳೆಯಲಿಲ್ಲ, ಈಗ ಹೊಳೆಯುತ್ತದೆ.

ಎರಡು ಖೋಲಿಯಲ್ಲಿ ಅದರ ಕೂದಲು ಎಲ್ಲಿರಲಿಲ್ಲ ಹೇಳು? ಮಡಿಯ ಸೀರೆಯ ಮೇಲೆ, ಹಪ್ಪಳದ ಹಿಟ್ಟಿನಲ್ಲಿ, ಒಮ್ಮೆ ಉಪ್ಪಿನಕಾಯಿಯ ಭರಣಿಯಲ್ಲಿ ಕೂಡ. ಹಾಲಿನವನು ಮೆಟ್ಟಿಲು ಹತ್ತಿದರೆ ಊರಿಗೆ ದರೋಡೆ ಬಿದ್ದ ಹಾಗೆ ಬೊಗಳುತ್ತಿತ್ತು. ನಾನು ದಿನವಿಡೀ ಗೊಣಗುತ್ತಿದ್ದೆ. ಆದರೆ ಕೂದಲಿಗಾಗಿ ನಾನು ಅದನ್ನು ಕಳೆಯಲಿಲ್ಲ, ಬೊಗಳಿದ್ದಕ್ಕೂ ಅಲ್ಲ. ಅಷ್ಟು ಸಣ್ಣ ಕಾರಣವಾಗಿದ್ದರೆ ಎಂದೋ ಹೇಳಿ ಅತ್ತು ಮುಗಿಸುತ್ತಿದ್ದೆ.

ನೀನು ನಗತೊಡಗಿದೆ. ವಸಂತನಿಗೆ ಆಗ ನಾಲ್ಕು ವರ್ಷ. ಊಟಕ್ಕೆ ಕರೆದರೆ ಗ್ಯಾಲರಿಯ ತುದಿಗೆ ಓಡುವವನು. ನೀನು ಹೊಸ್ತಿಲಲ್ಲಿ ನಿಂತು, "ಗಿಡ್ಡ್ಯಾ, ಹೋಗು, ವಸ್ಯಾನ್ನ ಹೊಡ್ಕೊಂಡು ಬಾ," ಎನ್ನುತ್ತಿದ್ದೆ. ಅದು ಹಿಂದಿನಿಂದ ಸುತ್ತಿ ಹೋಗಿ ಅವನ ಹಿಮ್ಮಡಿಗೆ ಮೂಗು ಒತ್ತಿ, ಆಚೆ ತಪ್ಪಿಸಿಕೊಂಡರೆ ಆಚೆ, ಈಚೆ ತಪ್ಪಿಸಿಕೊಂಡರೆ ಈಚೆ ಅಡ್ಡ ಬಂದು, ಅವನನ್ನು ತಟ್ಟೆಯ ಮುಂದೆ ತಂದು ನಿಲ್ಲಿಸುತ್ತಿತ್ತು. ಈ ಆಟ ನೋಡಲು ಇಡೀ ವಾಡೆ ಬಂದು ಗ್ಯಾಲರಿಯ ಕಠಡೆಗೆ ಆತು ನಿಲ್ಲುತ್ತಿತ್ತು. ನಿನ್ನನ್ನು ನೋಡಿದರೆ ಅಪಶಕುನ ಎನ್ನುತ್ತಿದ್ದವರು ನಿನ್ನ ಹೆಸರು ಹಿಡಿದು ಕೂಗಿ, ಇನ್ನೊಮ್ಮೆ ಆಡಿಸು ಎನ್ನುವಷ್ಟಾದರು. ಹಲ್ಲು ಎಂದೂ ತಾಗಿಸಲಿಲ್ಲ ಅದು. ಒಂದು ದಿನವೂ ಇಲ್ಲ.

ಬೆಳಿಗ್ಗೆ ಸಂಜೆ ಅದನ್ನು ತಿರುಗಾಡಿಸಲು ನೀನು ನದಿಯ ಘಟ್ಟದವರೆಗೆ ಹೋಗತೊಡಗಿದೆ. ಒಬ್ಬಳೇ ಹೋಗುವಂತಿರಲಿಲ್ಲ, ನಾಯಿಯ ನೆಪಕ್ಕೆ ಹೋಗಬಹುದಾಗಿತ್ತು. ಅಲ್ಲಿ ಅದನ್ನು ಮಾತಾಡಿಸಲು ನಿಂತ ಮರಾಠಿ ಹೆಂಗಸೊಬ್ಬರು ಆಮೇಲೆ ನಿನ್ನನ್ನೂ ಮಾತಾಡಿಸಿದರು. ಊರ ಹೊರಗೆ ವಿಧವೆಯರಿಗೆ ಅಕ್ಷರದಿಂದ ಕಲಿಸುವ ಶಾಲೆಯ ಮಾಸ್ತರಿಣಿ ಅವರು, ಎಲ್ಲರೂ ಬಾಯಿ ಎಂದು ಕರೆಯುತ್ತಿದ್ದರು. ಅಲ್ಲೇ ಇರುವುದು, ಅಲ್ಲೇ ಉಣ್ಣುವುದು, ಐದಾರು ವರ್ಷ ಕಲಿತರೆ ನೀನೇ ಮಾಸ್ತರಿಣಿ. ನಾಯಿಯನ್ನೂ ಕರೆದುಕೊಂಡು ಬಾ, ದೊಡ್ಡ ಅಂಗಳವಿದೆ ಎಂದರಂತೆ. ನೀನು ಮನೆಗೆ ಓಡಿ ಬಂದು ಅಣ್ಣನಿಗೆ ಹೇಳಿದೆ. ಅವರು ಒಂದೇ ಮಾತಿಗೆ ಒಪ್ಪಿದರು. ಭಾಳ ಛಲೋ ಆತು ಎಂದೆ ನಾನು — ಒಳಗೆ ಹೋಗಿ ಬೀಸುವ ಕಲ್ಲಿನ ಮುಂದೆ ಕೂತೆ. ಇನ್ನು ಇದನ್ನು ಯಾರು ತಿರುವಬೇಕು? ಕೊಡ ಯಾರು ಹೊರಬೇಕು? ಕೂಸನ್ನು ಯಾರು ನೋಡಬೇಕು? ಚಂಪಾ ಕಲಿಯುತ್ತಾಳೆ ಎಂಬ ವಿಚಾರ ತಲೆಗೆ ಬರಲೇ ಇಲ್ಲ. ಚಂಪಾ ಹೋಗುತ್ತಾಳೆ ಎಂಬುದೊಂದೇ ಬಂತು. ಸಿಟ್ಟೂ ಬಂತು. ಎಲ್ಲದಕ್ಕೂ ಆ ಗಿಡ್ಡ ಕಾಲಿನ ಪ್ರಾಣಿಯೇ ಕಾರಣ ಎನಿಸಿತು.

ಮಿರಗದ ಮುಂಗಾರು ಮಳೆಗೆ ಇನ್ನು ಒಂದೆರಡು ದಿನವಿತ್ತು. ಹೆಸರು ಹಚ್ಚಿಸಲು ನೀನು ಆ ಬಾಯಿಯವರ ಜೊತೆ ಶಾಲೆಗೆ ಹೊರಟೆ. ಅಷ್ಟು ದೂರ ನಾಯಿ ಬೇಡವೆಂದು, "ವೈನಿ, ಗಿಡ್ಡ್ಯಾನ್ನ ಸ್ವಲ್ಪ ನೋಡ್ಕೋರಿ," ಎಂದು ಹೇಳಿ ಹೋದೆ. ಅದನ್ನು ನನ್ನ ಕೈಯಲ್ಲಿ ಬಿಟ್ಟದ್ದು ಅದೇ ಮೊದಲು.

ಚಿಮಣಿ ಎಣ್ಣೆಯ ಡಬ್ಬಿಯ ಬಾಯಿ ಕೊಯ್ಸಿ ನಾನು ಇದ್ದಲಿ ತುಂಬಿಡುತ್ತಿದ್ದೆನಲ್ಲ, ಅದರ ಅಂಚು ಬಡಿದು ಮಡಚು ಎಂದು ನಿನ್ನ ಅಣ್ಣ ನಾಲ್ಕು ಸಲ ಹೇಳಿದ್ದರು. ನಾನು ಮಡಚಿರಲಿಲ್ಲ. ಆ ಮಧ್ಯಾಹ್ನ ವಸಂತ ಗ್ಯಾಲರಿಯಲ್ಲಿ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಆಡುತ್ತಿದ್ದವನು ಆ ಅಂಚಿಗೆ ಹಿಮ್ಮಡಿ ಕೊಟ್ಟ. ಒಳಗೆ ಕೂತಲ್ಲಿಂದಲೇ ನಾನದನ್ನು ಕಂಡೆ. ಎರಡು ಕಡೆ ಚುಚ್ಚಿತು, ಬಳಬಳ ರಕ್ತ. ನಾನು ಒಳಗಿನಿಂದ ಓಡಿ ಬರುವಷ್ಟರಲ್ಲಿ ಗಿಡ್ಡ್ಯಾ ಅವನ ಕಾಲು ನೆಕ್ಕುತ್ತಿತ್ತು. ಅದೇ ಹೊತ್ತಿಗೆ ನಿನ್ನ ಅಣ್ಣ ಮೆಟ್ಟಿಲು ಹತ್ತಿ ಬಂದರು. ಮಗನ ಕಾಲು ನೋಡಿದರು, ನಾಯಿಯ ಕೆಂಪು ಮೂತಿ ನೋಡಿದರು.

"ನಾಯಿ ಕಚ್ಚಿತೇನ?"

"ಹೌದ್ರಿ," ಎಂದೆ.

ಅಷ್ಟೇ. ಡಬ್ಬಿಗಾಗಿ ಬೈಸಿಕೊಳ್ಳಬೇಕಾದೀತು ಎಂಬ ಅಂಜಿಕೆ ಮೊದಲು ಬಂದದ್ದು ನಿಜ. ಆದರೆ ಆ ಮಾತು ಬಾಯಿಂದ ಬಿದ್ದ ಕ್ಷಣದಲ್ಲೇ, ಇನ್ನು ಇದು ಹೋಗುತ್ತದೆ, ಇದು ಹೋದರೆ ಅವಳು ಇರುತ್ತಾಳೆ ಎಂಬುದೂ ನನಗೆ ಕಂಡಿತ್ತು — ನಾನು ಅದನ್ನು ಕಂಡೂ ತಿದ್ದಲಿಲ್ಲ. ವಸಂತ ಅಳುತ್ತ ನನ್ನ ಮುಖ ನೋಡಿದ. ಅವನಿಗೆ ಬೆನ್ನ ಹಿಂದೆ ಏನಾಯಿತೆಂದು ಏನು ಗೊತ್ತು? ತಾಯಿ ಹೇಳಿದ್ದನ್ನು ನಂಬಿದ.

ನೀನು ಹೆಸರು ಹಚ್ಚಿಸಿಕೊಂಡು, ಮುಖ ಅರಳಿಸಿಕೊಂಡು ಬಂದೆ. ಆಮೇಲೆ ನಿನ್ನ ಮುಖ ಹೇಗಾಯಿತು ಎಂಬುದನ್ನು ಬರೆಯಲಾರೆ.

ದವಾಖಾನೆಯ ಡಾಕ್ಟರರು, ನಾಯಿಯನ್ನು ಹತ್ತು ದಿನ ಕಟ್ಟಿ ನೋಡಿ, ಅದು ನೆಟ್ಟಗಿದ್ದರೆ ಕೂಸಿಗೆ ಸೂಜಿ ಬೇಡ ಎಂದಿದ್ದರು. ನೀನು ನನ್ನ ಕಾಲ ಹತ್ತಿರ ಕೂತು, "ಹತ್ತು ದಿನ ನಾನೇ ಅದರ ಕಡೆ ಕೂಡ್ತೀನ್ರಿ ವೈನಿ, ಯಾರ ಹತ್ತಿರಾನೂ ಬಿಡೂದಿಲ್ಲ," ಎಂದೆ. ಹತ್ತು ದಿನ ಕಳೆದರೆ ಅದು ನೆಟ್ಟಗೇ ಇರುತ್ತದೆ ಎಂದು ಆ ಮನೆಯಲ್ಲಿ ನನ್ನೊಬ್ಬಳಿಗೇ ಖಾತ್ರಿಯಿತ್ತು. ಅದಕ್ಕೇ ಹಟ ಹಿಡಿದೆ. ಹುಚ್ಚು ನಾಯಿಯನ್ನು ಇಟ್ಟುಕೊಂಡ ಮನೆಯಲ್ಲಿ ಒಂದು ತಾಸೂ ಇರಲಾರೆ, ಮಗನನ್ನು ಕರೆದುಕೊಂಡು ತವರಿಗೆ ಹೋಗುತ್ತೇನೆ ಎಂದು ಕೂಗಾಡಿದೆ. ಮರುದಿನ ಬೆಳಿಗ್ಗೆ ಕಚೇರಿಯ ಜವಾನ ಬಂದು ಹಗ್ಗ ಹಿಡಿದ. ತಿರುಗಾಟಕ್ಕೆ ಹೊರಟೆನೆಂದು ತಿಳಿದು ಅದು ಅವನಿಗಿಂತ ಮುಂದಾಗಿ ಮೆಟ್ಟಿಲು ಇಳಿಯಿತು. ಕ್ಯಾಂಪಿನಲ್ಲಿ ಗುಂಡು ಹಾಕಿದರಂತೆ.

ನಾಯಿ ಹೋದರೆ ಮಾತು ಮುಗಿಯಿತು ಎಂದುಕೊಂಡಿದ್ದೆ, ಮೂರ್ಖಳು. ಪರೀಕ್ಷಿಸಲು ನಾಯಿಯೇ ಇಲ್ಲವೆಂದ ಮೇಲೆ ಪೂರ್ತಿ ಹದಿನಾಲ್ಕು ಸೂಜಿ ಆಗಲೇಬೇಕು, ಹೊಟ್ಟೆಗೆ, ದಿನಕ್ಕೊಂದು ಎಂದರು ಡಾಕ್ಟರರು.

ಆಗಲಾದರೂ ಹೇಳಬಹುದಿತ್ತು. ಒಂದು ಮಾತು — ಡಬ್ಬಿ ಚುಚ್ಚಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹಾಗೇನೂ ಅಲ್ಲ. ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲು ನನಗೆ ಹದಿನಾಲ್ಕು ಬೆಳಗು ಸಿಕ್ಕಿದ್ದವು. ಹದಿನಾಲ್ಕೂ ಬೆಳಗು ನೀನು ವಸಂತನನ್ನು ಟೊಂಕದ ಮೇಲೆ ಹೊತ್ತು ಮಳೆಯಲ್ಲಿ ದವಾಖಾನೆಗೆ ನಡೆದೆ. ನನಗೆ ನೋಡಲಾಗುವುದಿಲ್ಲ ಎಂದು ನಾನು ಮನೆಯಲ್ಲಿ ಕೂತೆ. ಅವನು ಮರಳಿ ಬಂದಾಗ ಹೊಟ್ಟೆ ಗಡ್ಡೆಗಟ್ಟಿ, ಅಂಗಿ ತಾಗಿದರೂ ಚೀರುತ್ತಿದ್ದ. ಹತ್ತನೆಯ ದಿನ ನಾನು ನಿಮ್ಮ ಹಿಂದೆ ಮೆಟ್ಟಿಲ ತನಕ ಬಂದೆ.

"ಚಂಪಾ —"

"ಏನ್ರಿ ವೈನಿ?"

"ಬರೂ ಮುಂದ ಕೊತ್ತಂಬರಿ ತೊಗೊಂಡು ಬಾ."

ನೀನು ತಂದೆ. ನಾನು ಚಟ್ನಿ ಅರೆದೆ.

ಆ ನಡುವೆ ಶಾಲೆ ಶುರುವಾಯಿತು. ಶಾಲೆಯ ಬಾಯಿ ಒಂದು ಸಲ ಮನೆಗೇ ಬಂದು ಕೇಳಿದರು. ಕೂಸು ಚೇತರಿಸಿಕೊಳ್ಳಲಿ, ಮುಂದಿನ ವರ್ಷ ನೋಡೋಣ ಎಂದೆ ನೀನು. ನಾನು ಅವರಿಗೆ ಚಹಾ ಮಾಡಿಕೊಟ್ಟೆ. ಮುಂದಿನ ವರ್ಷ ನನಗೆ ಮಗಳು ಹುಟ್ಟಿದಳು, ಬಾಣಂತನಕ್ಕೆ ನೀನಿದ್ದೆ. ನದಿಯ ಕಡೆ ನೀನು ಮತ್ತೆ ಹೋಗಲಿಲ್ಲ. ನಾಯಿ ನಿನ್ನನ್ನು ಬಿಟ್ಟುಹೋಯಿತೆಂದು ನೀನು ಅಳುವೆ, ನಾಲ್ಕು ದಿನಕ್ಕೆ ಮರೆಯುವೆ ಎಂದು ನಾನು ಎಣಿಸಿದ್ದೆ. ನೀನು ನನ್ನ ಮುಂದೆ ಒಂದು ದಿನವೂ ಅಳಲಿಲ್ಲ. ಯಾಕೆ ಅಳಲಿಲ್ಲ ಎಂಬುದು ನನಗೆ ಕಳೆದ ವಾರ ಗೊತ್ತಾಯಿತು.

ಈಗ ಸಾಹೇಬರೆಲ್ಲ ಗಂಟು ಕಟ್ಟುತ್ತಿದ್ದಾರೆ. ಕ್ಯಾಂಪಿನ ಬಂಗಲೆಗಳಲ್ಲಿ ಕುರ್ಚಿ ಮೇಜಿನ ಜೊತೆ ನಾಯಿಗಳೂ ಉಳಿಯುತ್ತಿವೆ. ಅದೇ ಜಾತಿಯದೊಂದು ಇದೆ, ತರಲೇನು ಎಂದು ನಿನ್ನ ಅಣ್ಣ ಊಟದ ಹೊತ್ತಿನಲ್ಲಿ ಕೇಳಿದರು. ನೀನು ಬಡಿಸುತ್ತಿದ್ದೆ. ಕೈ ನಿಲ್ಲಿಸದೆಯೇ ಹೇಳಿದೆ:

"ಬ್ಯಾಡಣ್ಣಾ. ಆ ಆಟ ಕಲಿಸಿದಾಕಿ ನಾನು. ನಾ ಕಲಿಸಿದ್ದಕ್ಕೇ ಅದು ಕೂಸಿನ ಕಾಲಿಗೆ ಬಾಯಿ ಹಾಕಿತು. ಅದರ ಜೀವಾನೂ ಹೋತು, ಇವನೂ ಅಷ್ಟು ಸೂಜಿ ತಿಂದ. ನನ್ನ ಕೈಯಾಗ ಇನ್ನೊಂದು ಜೀವಾ ಕೊಡಬ್ಯಾಡ."

ಹದಿನೈದು ವರ್ಷ, ಚಂಪಾ. ಹದಿನೈದು ವರ್ಷ ನೀನು ನನ್ನ ಮನೆಯ ಹಿಟ್ಟು ಬೀಸಿದ್ದು, ನನ್ನ ಮಕ್ಕಳನ್ನು ಬೆಳೆಸಿದ್ದು, ಬೇರೆ ದಾರಿಯಿಲ್ಲದೆ ಎಂದು ನಾನು ತಿಳಿದಿದ್ದೆ. ತಪ್ಪು ಮಾಡಿದೆನೆಂದು ತಿಳಿದು ನೀನು ಅದನ್ನು ತೀರಿಸುತ್ತಿದ್ದೆ. ನಾನು ಮಾಡಿದ ತಪ್ಪನ್ನು, ನನ್ನ ಕಣ್ಣೆದುರಿಗೇ. ಹುಳಿಯ ಸೌಟು ನಿನ್ನ ಕೈಯಲ್ಲಿತ್ತು. ನಾನು ತಟ್ಟೆ ನೋಡುತ್ತ ಕೂತೆ.

ಮರುದಿನ ನಿನ್ನ ಅಣ್ಣನಿಗೆ ಎಲ್ಲ ಹೇಳಿದೆ. ಅವರು, "ನನಗ ಹೇಳಬ್ಯಾಡ. ಅಕೀಗೆ ಹೇಳು," ಎಂದರು. ಅಂದಿನಿಂದ ನನ್ನೊಡನೆ ಮಾತಿಲ್ಲ. ಅದು ಸರಿಯೇ.

ಕ್ಷಮಿಸು ಎಂದು ಬರೆಯುವುದಿಲ್ಲ. ಬರೆದರೆ ನೀನು ಕ್ಷಮಿಸಿಬಿಡುತ್ತೀ, ನಿನ್ನ ಸ್ವಭಾವ ನನಗೆ ಗೊತ್ತು. ಎದ್ದು ನನಗೆ ನೀರು ತಂದು ಕೊಡುತ್ತೀ. ನನಗೆ ಬೇಕಾದದ್ದು ಒಂದೇ. ಗಿಡ್ಡ್ಯಾ ಕಚ್ಚಲಿಲ್ಲ ಎಂಬುದು ನಿನಗೆ ಗೊತ್ತಾಗಬೇಕು. ನೀನು ಅದನ್ನು ಕೆಡಿಸಿರಲಿಲ್ಲ.

ಇದನ್ನು ನೀನೇ ಓದಿಕೊಳ್ಳಲಾರೆ. ಓದಲು ಕಲಿಯಬೇಕಿದ್ದ ಮಳೆಗಾಲದಲ್ಲಿ ನೀನು ನನ್ನ ಮಗನನ್ನು ಹೊತ್ತು ದವಾಖಾನೆಗೆ ನಡೆಯುತ್ತಿದ್ದೆ. ನಾನೇ ಓದಿ ಹೇಳಲು ಕೂತರೆ — ನನ್ನನ್ನು ನಾನು ಬಲ್ಲೆ — ಎಲ್ಲಾದರೂ ಒಂದು ಸಾಲು ಹಾರಿಸುತ್ತೇನೆ. ಅದಕ್ಕೆ ವಸಂತನ ಕೈಯಲ್ಲಿ ಕೊಡುತ್ತೇನೆ. ಅವನಿಗೆ ಈಗ ಹತ್ತೊಂಬತ್ತು. ಇಂದಿಗೂ ಬೀದಿಯಲ್ಲಿ ನಾಯಿ ಕಂಡರೆ ಆಚೆ ಬದಿಗೆ ದಾಟುತ್ತಾನೆ. ಅವನಿಗೂ ಏನೂ ಗೊತ್ತಿಲ್ಲ. ನಿನ್ನ ಸೋದರತ್ತೆಗೆ ಗಟ್ಟಿಯಾಗಿ ಓದಿ ಹೇಳು ಎಂದಷ್ಟೇ ಹೇಳಿದ್ದೇನೆ. ಅವನು ಓದುವಾಗ ನಾನು ನಿಮ್ಮಿಬ್ಬರ ಎದುರಿಗೆ ಕೂತಿರುತ್ತೇನೆ.